ಪಿಯುಸಿಗೆ ಅರ್ಜಿ ಹಾಕುವ ಮುಂಚೆ: ಕಾಂಬಿನೇಷನ್ ಆರಿಸುವುದು ಹೇಗೆ?

ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ವಾರ ಹಾಸನದ ಯಾವುದೇ ಪಿಯು ಕಾಲೇಜಿನ ಮುಂದೆ ನಿಂತರೂ ಒಂದೇ ಮಾತು ಕಿವಿಗೆ ಬೀಳುತ್ತದೆ: "ಇಷ್ಟು ಪರ್ಸೆಂಟ್ ಬಂದಿದೆ ಸಾರ್, ಸೈನ್ಸ್ ಸಿಗುತ್ತಾ?" ಅರ್ಜಿ ತುಂಬುತ್ತಾ ಕಾಂಬಿನೇಷನ್ (ಓದುವ ಐಚ್ಛಿಕ ವಿಷಯಗಳ ಗುಂಪು) ಅನ್ನುವ ಕಾಲಂ ಬಂದ ಕೂಡಲೇ ಪೆನ್ನು ನಿಲ್ಲುತ್ತದೆ. ಮಗ ಅಪ್ಪನ ಮುಖ ನೋಡುತ್ತಾನೆ. ಅಪ್ಪ ಕೌಂಟರಿನಲ್ಲಿ ಕೂತವರನ್ನು ನೋಡಿ, "ಎಲ್ಲರೂ ಯಾವುದು ತಗೊಳ್ತಾರೋ ಅದನ್ನೇ ಬರೀರಿ" ಅನ್ನುತ್ತಾರೆ. ಮುಂದಿನ ಎರಡು ವರ್ಷ ಮಾತ್ರ ಅಲ್ಲ, ಅದರ ಆಚೆಗಿನ ಡಿಗ್ರಿಯೂ ಆ ಕಾಲಂನಲ್ಲೇ ಅರ್ಧ ತೀರ್ಮಾನ ಆಗಿಬಿಡುತ್ತದೆ. ಪ್ರತಿ ವರ್ಷ ಇದನ್ನು ನೋಡಿ ಹೊಟ್ಟೆ ಉರಿಯುತ್ತದೆ. ಮನೆಯಲ್ಲೇ ಎರಡು ಸಂಜೆ ಕೂತು ಮಾತಾಡಿದ್ದರೆ ಆಗುತ್ತಿತ್ತು.

ಹೆಜ್ಜೆ 1: ಪಿಯುಸಿಯೇ ಬೇಕಾ?

ಕೈಕೆಲಸದಲ್ಲಿ, ಯಂತ್ರಗಳಲ್ಲಿ ಆಸಕ್ತಿ ಇರುವ ಮಕ್ಕಳಿಗೆ ಎಸ್ಸೆಸ್ಸೆಲ್ಸಿ ಆದ ಮೇಲೆ 3 ವರ್ಷದ ಡಿಪ್ಲೊಮಾ ಇದೆ. ಅದು ಮುಗಿದ ಮೇಲೆ ಡಿಪ್ಲೊಮಾದವರಿಗೇ ಇರುವ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ಇಂಜಿನಿಯರಿಂಗಿನ ಎರಡನೇ ವರ್ಷಕ್ಕೇ ಸೇರಬಹುದು. 2 ವರ್ಷದ ಐಟಿಐ ಮುಗಿಸಿದವರಿಗೂ ಡಿಪ್ಲೊಮಾ ಎರಡನೇ ವರ್ಷಕ್ಕೆ ದಾರಿ ಇದೆ. "ಮಾರ್ಕ್ಸ್ ಕಡಿಮೆ ಬಂದವರು ಹೋಗೋ ಜಾಗ ಅದು" ಅನ್ನುವವರ ಮಾತು ಕೇಳಬೇಡಿ.

ಹೆಜ್ಜೆ 2: ಕೊನೆಯಿಂದ ಹಿಂದಕ್ಕೆ ಬನ್ನಿ

ಎಲ್ಲರೂ ಎಡವುವುದು ಇಲ್ಲೇ. ಹಾಗಾಗಿ ನಿಧಾನವಾಗಿ ಓದಿ.

ಪಿಯುಸಿಯಲ್ಲಿ ಎರಡು ಭಾಷೆ, ನಾಲ್ಕು ಐಚ್ಛಿಕ ವಿಷಯ. ಆ ನಾಲ್ಕನ್ನು ಆರಿಸಲು ಒಂದು ಬಿಳಿ ಹಾಳೆ ತಗೊಳ್ಳಿ. ಬಲಗಡೆ ಮಗು ಮುಂದೆ ಓದಲು ಇಷ್ಟಪಡುವ ಮೂರು ಕೋರ್ಸ್ ಬರೆಸಿ. ನೀವು ಬರೆಯಬೇಡಿ, ಅದರ ಕೈಯಲ್ಲೇ ಬರೆಸಿ. ಒಂದೊಂದು ಕೋರ್ಸಿನ ಎದುರು, ಅದಕ್ಕೆ ಪಿಯುಸಿಯಲ್ಲಿ ಯಾವ ವಿಷಯ ಇರಲೇಬೇಕು ಅಂತ ನೋಡಿ ಎಡಗಡೆ ಬರೆಯಿರಿ. ಮೂರರಲ್ಲೂ ಮತ್ತೆ ಮತ್ತೆ ಬರುವ ವಿಷಯಗಳಿಂದಲೇ ನಿಮ್ಮ ಕಾಂಬಿನೇಷನ್ ಆಗುತ್ತದೆ.

ಡಾಕ್ಟರ್ ಆಗಬೇಕಾದರೆ ನೀಟ್ ಬರೆಯಬೇಕು, ಅದಕ್ಕೆ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಬೇಕು. ಆಯುರ್ವೇದಕ್ಕೂ ನೀಟ್ ಬೇಕು ಅನ್ನುವುದು ಎಷ್ಟೋ ಮನೆಗಳಲ್ಲಿ ಗೊತ್ತೇ ಇರುವುದಿಲ್ಲ. ಇಂಜಿನಿಯರಿಂಗಿಗೆ ರಾಜ್ಯದ ಪ್ರವೇಶ ಪರೀಕ್ಷೆ ಸಿಇಟಿ ಇದೆ. ಅಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಲೆಕ್ಕಕ್ಕೆ ಬರುತ್ತವೆ. ನಾಲ್ಕನೆಯದು ಬಯಾಲಜಿ ಆದರೆ ಪಿಸಿಎಂಬಿ, ಕಂಪ್ಯೂಟರ್ ಆದರೆ ಪಿಸಿಎಂಸಿ, ಎಲೆಕ್ಟ್ರಾನಿಕ್ಸ್ ಆದರೆ ಪಿಸಿಎಂಇ.

ಪಿಸಿಎಂಬಿ ತಗೊಂಡರೆ ಎಲ್ಲ ಬಾಗಿಲೂ ತೆರೆದಿರುತ್ತದೆ ಅನ್ನುತ್ತಾರೆ. ನಿಜವೇ, ಆದರೆ ಬಯಾಲಜಿ ಇಷ್ಟವೇ ಇಲ್ಲದ ಹುಡುಗಿಯನ್ನು ಸುಮ್ನೆ ಅದಕ್ಕೆ ತಳ್ಳಿದರೆ ಎರಡು ವರ್ಷ ಅವಳಿಗೆ ಹಿಂಸೆ. ಮೆಡಿಕಲ್ಲೂ ಬೇಡ, ಕೃಷಿಯೂ ಬೇಡ ಅಂತ ಮನಸ್ಸು ಗಟ್ಟಿ ಇದ್ದರೆ ಪಿಸಿಎಂಸಿ ತಗೊಳ್ಳಿ. ನನ್ನ ಸಲಹೆ ಇದೇ, ಇದರಲ್ಲಿ ಎರಡು ಮಾತಿಲ್ಲ.

ನಮ್ಮ ಹಾಸನ, ಚಿಕ್ಕಮಗಳೂರು ಜಿಲ್ಲೆಯವರು ಮರೆಯುವ ಒಂದು ದಾರಿ ಇದೆ. ಹಾಸನದ ಹತ್ತಿರ ಕಾರೆಕೆರೆಯಲ್ಲಿ ಕೃಷಿ ಕಾಲೇಜಿದೆ. ಮೂಡಿಗೆರೆಯಲ್ಲಿ ತೋಟಗಾರಿಕೆ ಕಾಲೇಜಿದೆ. ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜೂ ಇದೆ. ತೋಟ, ಗದ್ದೆ, ದನ ನೋಡಿಕೊಂಡೇ ಬೆಳೆದ ಮಕ್ಕಳಿಗೆ ಇವು ಹೇಳಿ ಮಾಡಿಸಿದಂತಿವೆ. ಇದರತ್ತ ಮನಸ್ಸಿದ್ದರೆ ಬಯಾಲಜಿ ಬಿಡುವ ಹಾಗೇ ಇಲ್ಲ, ಪಿಸಿಎಂಬಿಯೇ ಸರಿ. ಕೃಷಿ ಕೋರ್ಸುಗಳಲ್ಲಿ ಕೃಷಿಕರ ಮಕ್ಕಳಿಗೆ ಪ್ರತ್ಯೇಕ ಕೋಟಾ ಇದೆ. ಅದಕ್ಕೆ ಪ್ರಾಯೋಗಿಕ ಪರೀಕ್ಷೆಯೂ ಇರುತ್ತದೆ. ಬೀಜ, ಗೊಬ್ಬರ, ಸಲಕರಣೆ ಕಣ್ಣಲ್ಲಿ ನೋಡಿ ಗುರುತಿಸುವ ಮಕ್ಕಳಿಗೆ ಅಲ್ಲಿ ಅನುಕೂಲ ಜಾಸ್ತಿ.

ಕಾಮರ್ಸಿನಲ್ಲಿ ಸಾಮಾನ್ಯವಾಗಿ ಎಕನಾಮಿಕ್ಸ್, ಬಿಸಿನೆಸ್ ಸ್ಟಡೀಸ್, ಅಕೌಂಟೆನ್ಸಿ ಮೂರೂ ಇರುತ್ತವೆ, ಆರಿಸಬೇಕಾದ್ದು ನಾಲ್ಕನೆಯದು. ಹಿಸ್ಟರಿ ಸುಲಭ ಅಂತ ಕಣ್ಣುಮುಚ್ಚಿ ತಗೊಳ್ಳಬೇಡಿ. ಸಿಎ ಮಾಡುವ ಆಸೆ ಇದ್ದರೆ ಸ್ಟ್ಯಾಟಿಸ್ಟಿಕ್ಸ್ ಅಥವಾ ಬೇಸಿಕ್ ಮ್ಯಾಥ್ಸ್ ತಗೊಳ್ಳಿ, ಯಾಕೆಂದರೆ ಸಿಎ ಫೌಂಡೇಶನ್ ಪರೀಕ್ಷೆಯಲ್ಲಿ ಲೆಕ್ಕದ ಪೇಪರ್ ಒಂದಿದೆ.

ಆರ್ಟ್ಸ್ ಅಂದ ಕೂಡಲೇ ಮುಖ ಸಿಂಡರಿಸುವ ಮನೆಗಳಿಗೆ ಹೇಳಲೇಬೇಕು: ಐದು ವರ್ಷದ ಕಾನೂನು ಕೋರ್ಸಿಗೆ ಪಿಯುಸಿಯಲ್ಲಿ ಯಾವ ವಿಭಾಗ ಆದರೂ ನಡೆಯುತ್ತದೆ. ಕೆಎಎಸ್, ಪಿಎಸ್‌ಐ ಪರೀಕ್ಷೆಗಳಿಗೆ ಬೇಕಾದ್ದು ಡಿಗ್ರಿ, ಸೈನ್ಸ್ ಅಲ್ಲ. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಓದಿದವರಿಗೆ ಆ ಪರೀಕ್ಷೆಗಳ ಅರ್ಧ ತಯಾರಿ ಕಾಲೇಜಿನಲ್ಲೇ ಆಗುತ್ತದೆ. ಪೊಲೀಸ್ ಕಾನ್‌ಸ್ಟೆಬಲ್ ಮತ್ತು ಗ್ರಾಮ ಆಡಳಿತ ಅಧಿಕಾರಿ ಹುದ್ದೆಗೆ ಪಿಯುಸಿಯೇ ಸಾಕು.

ಹಾಳೆ ಮುಗಿಯಿತಾ? ಈಗ ಮಗುವಿನ ಎಂಟು, ಒಂಬತ್ತು, ಹತ್ತನೇ ತರಗತಿಯ ಮಾರ್ಕ್ಸ್ ಕಾರ್ಡ್ ಪಕ್ಕದಲ್ಲಿಟ್ಟು ನೋಡಿ. ಹತ್ತನೆಯದೊಂದನ್ನೇ ನಂಬಬೇಡಿ, ಕೊನೇ ಎರಡು ತಿಂಗಳು ಉರು ಹೊಡೆದರೂ ಅಂಕ ಬರುತ್ತದೆ. ಮೂರು ವರ್ಷವೂ ಗಣಿತದಲ್ಲಿ ತಿಣುಕಾಡಿದ ಮಗುವಿಗೆ ಪಿಯುಸಿ ಗಣಿತ ಇನ್ನೂ ಭಾರವಾಗುತ್ತದೆ.

ಹೆಜ್ಜೆ 3: ಕಾಲೇಜು

ಕಾಂಬಿನೇಷನ್ ಮೊದಲು, ಕಾಲೇಜು ಆಮೇಲೆ. ಲೆಕ್ಚರರ್ ಇದ್ದಾರಾ, ಲ್ಯಾಬ್ ನಡೆಯುತ್ತಾ, ಬಸ್ ಇದೆಯಾ, ಇಷ್ಟು ನೋಡಿದರೆ ಸಾಕು. ಸರ್ಕಾರಿ ಪಿಯು ಕಾಲೇಜಲ್ಲಿ ಈ ಮೂರೂ ಇದ್ದರೆ ಕಣ್ಣುಮುಚ್ಚಿ ಸೇರಿಸಿ.

ಬಸ್ ಬಗ್ಗೆ ಒಂದು ಮಾತು. ಕೊಪ್ಪ, ಶೃಂಗೇರಿ, ಮೂಡಿಗೆರೆ ಕಡೆಯವರು ಬೇಸಿಗೆಯಲ್ಲಿ ಬಂದು ಕಾಲೇಜು ನೋಡಿ ಹೋಗುತ್ತಾರೆ. ಜುಲೈ ಮಳೆಯಲ್ಲಿ ಅದೇ ದಾರಿ ಹೇಗಿರುತ್ತೆ ಅಂತ ಯೋಚಿಸಿ. ದಿನಾ ಓಡಾಟ ಆಗದು ಅನಿಸಿದರೆ ಸೇರುವ ಮುಂಚೆಯೇ ಸರ್ಕಾರಿ ಹಾಸ್ಟೆಲಿಗೂ ಅರ್ಜಿ ಹಾಕಿ.

ಇನ್ನು "ನೀಟ್, ಜೆಇಇ, ಸಿಇಟಿ ಎಲ್ಲಾ ಇಂಟಿಗ್ರೇಟೆಡ್" ಅನ್ನುವ, ಪಿಯುಸಿ ಪಾಠದ ಜೊತೆಗೇ ಪ್ರವೇಶ ಪರೀಕ್ಷೆಗಳ ಕೋಚಿಂಗ್ ಕೊಡುವ ಪ್ಯಾಕೇಜುಗಳು. ಫ್ಲೆಕ್ಸಿನ ಮೇಲೆ ರ‍್ಯಾಂಕ್ ಬಂದ ಮಕ್ಕಳ ಫೋಟೋ ಇರುತ್ತದೆ, ಆ ಬ್ಯಾಚಿನಲ್ಲಿ ಒಟ್ಟು ಎಷ್ಟು ಜನ ಓದಿದರು ಅಂತ ಇರುವುದಿಲ್ಲ. ಅದನ್ನು ಕೇಳಿ. ಉತ್ತರ ಕೊಡದಿದ್ದರೆ ಎದ್ದು ಬನ್ನಿ. ತೋಟ ಅಡ ಇಟ್ಟು ಮಕ್ಕಳನ್ನು ಘಟ್ಟದ ಕೆಳಗಿನ ಹಾಸ್ಟೆಲಿಗೆ ಕಳಿಸುವ ಅಪ್ಪ ಅಮ್ಮಂದಿರೇ, ಹೋಗುವ ಮಗುವಿನ ಒಪ್ಪಿಗೆ ಇದೆಯಾ ಅಂತ ಒಮ್ಮೆ ಕೇಳಿ. "ಒಂದೇ ವರ್ಷದಲ್ಲಿ ಪಿಯುಸಿ ಪಾಸ್ ಮಾಡಿಸ್ತೀವಿ" ಅನ್ನುವ ಬೋರ್ಡ್ ಕಂಡರೆ ಆ ಕಡೆ ತಲೆ ಹಾಕಲೇಬೇಡಿ. ಮಾನ್ಯತೆ ಇಲ್ಲದ ಸರ್ಟಿಫಿಕೇಟ್ ಹಿಡಿದು ಡಿಗ್ರಿ ಅಡ್ಮಿಷನ್ನಿಗೆ ಹೋದಾಗಲೇ ಮೋಸ ಗೊತ್ತಾಗುವುದು.

ಹೆಜ್ಜೆ 4: ಕಾಗದ ಪತ್ರ

ಸಿಇಟಿ ಸೀಟುಗಳಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ. 15, ಕನ್ನಡ ಮಾಧ್ಯಮದವರಿಗೆ ಶೇ. 5 ಮೀಸಲು ಇದೆ. ಎರಡಕ್ಕೂ 1ರಿಂದ 10ನೇ ತರಗತಿವರೆಗಿನ ವ್ಯಾಸಂಗ ಪ್ರಮಾಣಪತ್ರ ಬೇಕು, ಅದಕ್ಕೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿಯೂ ಬೇಕು. ಎರಡು ಮೂರು ಶಾಲೆಯಲ್ಲಿ ಓದಿದ್ದರೆ ಪ್ರತಿ ಶಾಲೆಯಿಂದಲೂ ತರಬೇಕು. ಮಲೆನಾಡಿನಲ್ಲಿ ಮಕ್ಕಳಿಲ್ಲದೆ ಮುಚ್ಚಿದ ಶಾಲೆಗಳಿವೆ. ಅಂಥ ಶಾಲೆಯ ದಾಖಲಾತಿ ಪುಸ್ತಕ ಎಲ್ಲಿದೆ ಅಂತ ಬಿಇಒ ಕಚೇರಿಯಲ್ಲಿ ಕೇಳಿ ಪತ್ತೆ ಮಾಡಬೇಕು. ಇದನ್ನು ಮೊದಲ ಪಿಯುಸಿಯ ದಸರಾ ರಜೆಯಲ್ಲೇ ಮಾಡಿ ಮುಗಿಸಿ. ಜಾತಿ, ಆದಾಯ ಪ್ರಮಾಣಪತ್ರ ನಾಡಕಚೇರಿಯಲ್ಲಿ ಸಿಗುತ್ತದೆ, ಅದರ ಆರ್‌ಡಿ ನಂಬರ್ (ಅದರ ಮೇಲೆ ಅಚ್ಚಾಗಿರುವ ಗುರುತು ಸಂಖ್ಯೆ) ಬರೆದಿಟ್ಟುಕೊಳ್ಳಿ. ಎಲ್ಲ ಪತ್ರದಲ್ಲೂ ಹೆಸರಿನ ಸ್ಪೆಲಿಂಗ್ ಒಂದೇ ಥರ ಇದೆಯಾ ನೋಡಿ.

ಹೆಜ್ಜೆ 5: ಎರಡನೇ ವರ್ಷ

ಇಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿ ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಹಾಗಾಗಿ ಬೋರ್ಡ್ ಪರೀಕ್ಷೆ ಬಿಟ್ಟು ಬರೀ ಎಂಸಿಕ್ಯೂ (ಸರಿ ಉತ್ತರ ಆರಿಸುವ ಪ್ರಶ್ನೆ) ತಿದ್ದುತ್ತಾ ಕೂರುವುದು ತಪ್ಪು. ಸಿಇಟಿಯಲ್ಲಿ ಒಂದು ವಿಷಯಕ್ಕೆ 60 ಪ್ರಶ್ನೆ, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಒಂದನ್ನೂ ಖಾಲಿ ಬಿಡಬೇಡಿ. ನೀಟ್‌ನಲ್ಲಿ ತಪ್ಪಿಗೆ ಒಂದು ಅಂಕ ಹೋಗುತ್ತದೆ, ಅಲ್ಲಿ ಊಹೆ ಬೇಡ.

ತೋಟದ ಮನೆಯವರಲ್ಲಿ ಒಂದು ಕೋರಿಕೆ. ಕಾಫಿ ಕೊಯ್ಲು ಜೋರಾಗುವ ಡಿಸೆಂಬರ್, ಜನವರಿಯಲ್ಲೇ ಮಕ್ಕಳ ಪ್ರಿಪರೇಟರಿ ಪರೀಕ್ಷೆಯ ಓದೂ ಇರುತ್ತದೆ. ಆ ಒಂದು ವರ್ಷ ಕಣದ ಕೆಲಸಕ್ಕೆ ಅವರನ್ನು ಕರೆಯಬೇಡಿ.

ಹೆಜ್ಜೆ 6: ಆಪ್ಷನ್ ಎಂಟ್ರಿ

ಸಿಇಟಿ ರ‍್ಯಾಂಕ್ ಬಂದ ಮೇಲೆ ಕೆಇಎ (ಸಿಇಟಿ ನಡೆಸುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಪೋರ್ಟಲಿನಲ್ಲಿ ಕಾಲೇಜು, ಕೋರ್ಸುಗಳನ್ನು ನಿಮಗೆ ಇಷ್ಟವಾದ ಕ್ರಮದಲ್ಲೇ ಹಾಕಿ. "ಸಿಗೋದನ್ನ ಮೇಲೆ ಹಾಕಿ" ಅಂತ ಸೈಬರ್ ಸೆಂಟರಿನವರು ಹೇಳಿದರೆ ಒಪ್ಪಬೇಡಿ. ಮೇಲಿನದು ಸಿಗದಿದ್ದರೆ ಕೆಳಗಿನದು ತಾನಾಗೇ ಬರುತ್ತದೆ, ಮೇಲೆ ಹಾಕಿದ್ದಕ್ಕೆ ನಷ್ಟ ಇಲ್ಲ. ಮನೆ ಹತ್ತಿರ ಇರಬೇಕು ಅನ್ನುವವರು ಹಾಸನದ ಮಲೆನಾಡು ಇಂಜಿನಿಯರಿಂಗ್ ಕಾಲೇಜು, ಅಲ್ಲಿನ ಸರ್ಕಾರಿ ಇಂಜಿನಿಯರಿಂಗ್ ಕಾಲೇಜು, ಚಿಕ್ಕಮಗಳೂರಿನ ಆದಿಚುಂಚನಗಿರಿ ಕಾಲೇಜು ಇವನ್ನೆಲ್ಲ ಒಮ್ಮೆ ಹೋಗಿ ನೋಡಿಕೊಂಡೇ ಬನ್ನಿ.

ಸೀಟು ಬಂದ ಮೇಲೆ ನಾಲ್ಕು ಚಾಯ್ಸ್ ಕೊಡುತ್ತಾರೆ. ಒಂದನೆಯದು, ಈ ಸೀಟೇ ಸಾಕು, ಸೇರುತ್ತೇನೆ. ಎರಡನೆಯದು, ಇದು ಕೈಯಲ್ಲಿರಲಿ, ಮುಂದಿನ ಸುತ್ತಿನಲ್ಲಿ ಇನ್ನೂ ಮೇಲಿನದು ಸಿಗುತ್ತಾ ನೋಡುತ್ತೇನೆ. ಮೂರನೆಯದು, ಇದು ಬೇಡ, ಮುಂದಿನ ಸುತ್ತಿಗೆ ಕಾಯುತ್ತೇನೆ. ನಾಲ್ಕನೆಯದು, ಪೂರ್ತಿ ಹೊರಗೆ ಹೋಗುತ್ತೇನೆ. ಗೊಂದಲ ಇದ್ದವರು ಎರಡನೆಯದನ್ನೇ ಒತ್ತಿ. ಆದರೆ ಮೇಲಿನದು ಸಿಕ್ಕಿದರೆ ಕೈಯಲ್ಲಿದ್ದದ್ದು ಹೋಗುತ್ತದೆ. ಅದಕ್ಕೇ ಚಾಯ್ಸ್ ಒತ್ತುವ ಮುಂಚೆ, ಬಂದ ಸೀಟಿಗಿಂತ ಮೇಲೆ ಇರುವ ಆಪ್ಷನ್‌ಗಳನ್ನೆಲ್ಲ ಇನ್ನೊಮ್ಮೆ ಓದಿ. ಸೇರಲು ಮನಸ್ಸಿಲ್ಲದ ಕಾಲೇಜು ಒಂದಿದ್ದರೂ ತೆಗೆಯಲು ಅವಕಾಶ ಇರುವಾಗಲೇ ತೆಗೆದುಬಿಡಿ. ಪಾಸ್‌ವರ್ಡ್ ಮಗುವಿನ ಹತ್ತಿರವೇ ಇರಲಿ, ಸೈಬರ್ ಸೆಂಟರಿನಲ್ಲಿ ಬಿಟ್ಟು ಬರಬೇಡಿ.