ಕ್ಲಚ್‌ಗೆ ಎಷ್ಟು ಸಡಿಲ ಬೇಕು? ಮನೆಯಲ್ಲೇ ಸರಿಮಾಡಿಕೊಳ್ಳಿ

ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಸಂಜೆ ಹೊತ್ತು ಬೈಕ್ ಓಡಿಸಿದವರಿಗೆ ಗೊತ್ತು, ಹತ್ತು ಹೆಜ್ಜೆಗೊಮ್ಮೆ ಕ್ಲಚ್ ಹಿಡಿಯಬೇಕು. ಹೀಗೆ ಓಡಿದ ಗಾಡಿಯ ಕ್ಲಚ್ ನಿಧಾನಕ್ಕೆ ಹದ ತಪ್ಪುತ್ತದೆ. ಲಿವರ್ ಪೂರ್ತಿ ಹಿಡಿದರೂ ನ್ಯೂಟ್ರಲ್ ಬೀಳದಿದ್ದರೆ, ಗೇರ್ ಹಾಕಿದ ಕೂಡಲೇ ಗಾಡಿ ಮುಂದಕ್ಕೆ ಜಗ್ಗಿದರೆ ಲಿವರ್‌ನಿಂದ ಕ್ಲಚ್‌ಗೆ ಹೋಗುವ ವೈರ್ ಸಡಿಲವಾಗಿದೆ ಎಂದುಕೊಳ್ಳಿ. ರೇಸ್ ಕೊಟ್ಟಾಗ ಎಂಜಿನ್ ಕೂಗಿ ಗಾಡಿ ಮಾತ್ರ ಓಡದಿದ್ದರೆ ವೈರ್ ಬಿಗಿಯಾಗಿದೆ, ಇಲ್ಲವೇ ಕ್ಲಚ್ ಒಳಗಿನ ಪ್ಲೇಟ್ ಸವೆದಿದೆ.

ಒಮ್ಮೆ ನಾನು ಲಿವರ್ ಅಲುಗಾಡುತ್ತಿದೆ ಅಂತ ಒಂದಿಷ್ಟೂ ಸಡಿಲ ಬಿಡದೆ ಬಿಗಿ ಮಾಡಿದ್ದೆ. ಕೈಗೆ ಗಟ್ಟಿಯಾಗಿ ಸಿಗುತ್ತಿತ್ತು, ಒಳ್ಳೆಯದೇ ಆಯಿತು ಅಂದುಕೊಂಡೆ. ಕೆಲವೇ ದಿನಗಳಲ್ಲಿ, ಹಿಂದೆ ತೊಗರಿ ಚೀಲ ಇಟ್ಟುಕೊಂಡು ಏರು ಹತ್ತುವಾಗ ಸುಟ್ಟ ವಾಸನೆ ಬಂತು. ಪ್ಲೇಟ್‌ಗಳೆಲ್ಲ ಹೋಗಿದ್ದವು. ವೈರ್ ಬಿಗಿಯಾಗಿದ್ದರೆ ನಾವು ಲಿವರ್ ಬಿಟ್ಟರೂ ಕ್ಲಚ್ ಪೂರ್ತಿ ಬಿಟ್ಟಿರುವುದಿಲ್ಲ. ಪ್ಲೇಟ್‌ಗಳು ಒಂದಕ್ಕೊಂದು ಜಾರುತ್ತಾ ಸುಡುತ್ತವೆ. ಅದಕ್ಕೇ ಹೇಳುತ್ತೇನೆ, ಆ ಸ್ವಲ್ಪ ಸಡಿಲ ಇರಲೇಬೇಕು.

ಎಷ್ಟು ಸಡಿಲ? ಬಹಳಷ್ಟು ಬೈಕ್‌ಗಳಿಗೆ ಲಿವರ್‌ನ ತುದಿಯಲ್ಲಿ 10ರಿಂದ 20 ಮಿಲಿಮೀಟರ್. ನಿಮ್ಮ ಗಾಡಿಯ ಪುಸ್ತಕದಲ್ಲಿ ಬೇರೆ ಅಳತೆ ಇದ್ದರೆ ಅದನ್ನೇ ಹಿಡಿಯಿರಿ. ಮಕ್ಕಳ ಕಂಪಾಸ್ ಬಾಕ್ಸ್‌ನ ಪಟ್ಟಿ ತಂದು ಲಿವರ್ ತುದಿಗೆ ಹಿಡಿಯಿರಿ. ಒಂದೇ ಬೆರಳಿನಿಂದ ಮೆಲ್ಲಗೆ ಎಳೆಯಿರಿ. ಮೊದಲು ಲಿವರ್ ಸುಮ್ನೆ ಬರುತ್ತದೆ, ಆಮೇಲೆ ಸ್ಪ್ರಿಂಗ್‌ನ ಭಾರ ಬೆರಳಿಗೆ ತಾಗುತ್ತದೆ. ಅಲ್ಲಿಯವರೆಗೆ ತುದಿ ಎಷ್ಟು ಸರಿಯಿತೋ ಅದೇ ಅಳತೆ.

ಎಂಜಿನ್ ತಣ್ಣಗಿರುವಾಗಲೇ ಈ ಕೆಲಸ ಮಾಡಿ. ನಮ್ಮ ಬೇಸಿಗೆಯಲ್ಲಿ ಬೆಳಗಿನ ಹೊತ್ತೇ ಒಳ್ಳೆಯದು. ಅಂಗಳದಲ್ಲಿ ಶಹಾಬಾದ್ ಕಲ್ಲು ಹಾಸಿದ್ದರೆ ಇನ್ನೂ ಅನುಕೂಲ, ಡಬಲ್ ಸ್ಟ್ಯಾಂಡ್ ಅಲುಗಾಡದೆ ನಿಲ್ಲುತ್ತದೆ. ನಟ್ಟಿಗೆ ಸರಿಯಾಗಿ ಕೂರುವ ಎರಡು ಪಾನಾ ಬೇಕು.

ಮೊದಲು ಲಿವರ್ ಬುಡದ ರಬ್ಬರ್ ಸರಿಸಿ ವೈರ್ ನೋಡಿ. ಎಳೆಗಳು ಕಿತ್ತು ಹೊರಗೆ ಚಾಚಿಕೊಂಡಿದ್ದರೆ ಅಡ್ಜಸ್ಟ್ ಮಾಡಿ ಉಪಯೋಗವಿಲ್ಲ, ಹೊಸ ವೈರ್ ಹಾಕಿಸಿ. ದಾರಿಯಲ್ಲಿ ಕಡಿದರೆ ಗಾಡಿ ತಳ್ಳಬೇಕಾಗುತ್ತದೆ.

ಲಿವರ್ ಹತ್ತಿರ ವೈರ್‌ನ ಸಡಿಲ ಹೆಚ್ಚುಕಡಿಮೆ ಮಾಡುವ ಅಡ್ಜಸ್ಟರ್, ಅದು ತಿರುಗದಂತೆ ಹಿಡಿಯುವ ಚೆಕ್‌ನಟ್ ಇರುತ್ತವೆ. ವೈರ್ ಚೆನ್ನಾಗಿದ್ದರೆ ಆ ಚೆಕ್‌ನಟ್ ಸಡಿಲ ಮಾಡಿ. ಅಡ್ಜಸ್ಟರ್ ಹೊರಗೆ ಬರುವಂತೆ ತಿರುಗಿಸಿದರೆ ಸಡಿಲ ಕಡಿಮೆ, ಒಳಗೆ ತಿರುಗಿಸಿದರೆ ಜಾಸ್ತಿ. ಅರ್ಧ ಸುತ್ತು ತಿರುಗಿಸಿ ಅಳೆಯಿರಿ, ಮತ್ತೆ ಅರ್ಧ ಸುತ್ತು. ಅಳತೆ ಸಿಕ್ಕ ಮೇಲೆ ಅಡ್ಜಸ್ಟರ್ ಹಿಡಿದುಕೊಂಡು ಚೆಕ್‌ನಟ್ ಬಿಗಿ ಮಾಡಿ. ಇದನ್ನು ಮರೆತರೆ ಗಾಡಿಯ ನಡುಕಕ್ಕೆ ಅದು ತಾನೇ ತಿರುಗಿಬಿಡುತ್ತದೆ.

ಅಡ್ಜಸ್ಟರ್ ತುಂಬಾ ಹೊರಗೆ ಬಂದಿದ್ದರೆ ಅಲ್ಲಿ ಇನ್ನೂ ಎಳೆಯಬೇಡಿ. ಅದನ್ನು ಪೂರ್ತಿ ಒಳಗೆ ಹಾಕಿ, ಒಂದು ಸುತ್ತು ಮಾತ್ರ ಹೊರತೆಗೆಯಿರಿ. ಆಮೇಲೆ ಎಂಜಿನ್ ಕಡೆ, ವೈರ್‌ನ ಕೆಳತುದಿಗೆ ಬನ್ನಿ. ಅಲ್ಲಿ ಎರಡು ನಟ್ ಇರುತ್ತವೆ. ಒಂದು ಪಾನಾದಿಂದ ಹಿಡಿದು ಇನ್ನೊಂದನ್ನು ಸಡಿಲ ಮಾಡಿ, ಅಡ್ಜಸ್ಟ್ ಮಾಡಿ, ಮತ್ತೆ ಬಿಗಿ ಮಾಡಿ. ಇಲ್ಲಿ ದೂಳು, ಗ್ರೀಸ್ ಮೆತ್ತಿಕೊಂಡಿರುತ್ತದೆ, ಮೊದಲು ಹಳೆ ಬಟ್ಟೆಯಿಂದ ಒರೆಸಿಕೊಳ್ಳಿ.

ಈಗ ಹ್ಯಾಂಡಲ್ ಪೂರ್ತಿ ಎಡಕ್ಕೂ ಬಲಕ್ಕೂ ತಿರುಗಿಸಿ. ಸಡಿಲ ಎರಡೂ ಕಡೆ ಅಷ್ಟೇ ಇರಬೇಕು. ಒಂದು ಕಡೆ ಬಿಗಿಯಾದರೆ ವೈರ್ ಎಲ್ಲೋ ಸಿಕ್ಕಿಕೊಂಡಿದೆ.

ಕೊನೆಗೆ ಗಾಡಿಯನ್ನು ಸ್ಟ್ಯಾಂಡ್‌ನಿಂದ ಇಳಿಸಿ ಸ್ಟಾರ್ಟ್ ಮಾಡಿ, ಕ್ಲಚ್ ಹಿಡಿದು ಮೊದಲ ಗೇರ್ ಹಾಕಿ. ಗಾಡಿ ಮುಂದೆ ಜಾರಬಾರದು, ಎಂಜಿನ್ ಬಂದ್ ಆಗಬಾರದು. ಖಾಲಿ ರಸ್ತೆಯಲ್ಲಿ ಮೇಲಿನ ಗೇರ್‌ನಲ್ಲಿ ರೇಸ್ ಕೊಟ್ಟು ನೋಡಿ. ಸದ್ದಿನ ಜೊತೆ ವೇಗವೂ ಏರಬೇಕು. ಸಡಿಲ ಸರಿಯಿದ್ದೂ ಜಾರುತ್ತಿದ್ದರೆ ಪ್ಲೇಟ್ ಸವೆದಿರಬಹುದು, ಇಲ್ಲವೇ ಕಾರಿನ ಆಯಿಲ್ ಹಾಕಿರಬಹುದು. ಬಹಳಷ್ಟು ಬೈಕ್‌ಗಳ ಕ್ಲಚ್ ಪ್ಲೇಟ್‌ಗಳು ಎಂಜಿನ್ ಆಯಿಲ್‌ನಲ್ಲೇ ಮುಳುಗಿರುತ್ತವೆ, ಕಾರಿನ ಆಯಿಲ್‌ಗೆ ಅವು ಜಾರಬಹುದು. ಆಗ ಮೆಕ್ಯಾನಿಕ್ ಹತ್ತಿರ ಹೋಗಿ.

ಹೊಸ ವೈರ್ ಹಾಕಿದ್ದರೆ ಒಂದು ವಾರ ಬಿಟ್ಟು ಮತ್ತೆ ಪಟ್ಟಿ ಹಿಡಿಯಿರಿ. ಮೊದಮೊದಲು ಅದು ಹಿಗ್ಗಿ ಸಡಿಲವಾಗುತ್ತದೆ.