ಕ್ಯಾಂಪರ್ ವ್ಯಾನಿನ ರಿವರ್ಸ್ ಕ್ಯಾಮೆರಾ ಸ್ಕ್ರೀನ್ ಕೈಕೊಟ್ಟರೆ

ಪುಣೆಯಲ್ಲಿ ಕ್ಯಾಂಪರ್ ವ್ಯಾನ್ ಇಟ್ಟುಕೊಂಡಿರುವವರು ದಯವಿಟ್ಟು ಓದಿ. ತಾಮ್ಹಿಣಿ ಘಾಟಿನ ಮಳೆಯಲ್ಲಿ ನಮ್ಮ ಗಾಡಿಯ ಹಿಂಬದಿ ಕ್ಯಾಮೆರಾದ ಮಾನಿಟರ್ ಮಿನುಗಿ ಮಿನುಗಿ ಕಪ್ಪಾಯಿತು. ಅಂಗಡಿಯವರು ಪೂರ್ತಿ ಸೆಟ್ಟೇ ಬದಲಾಯಿಸಿ ಅಂದರು. ಅವಸರ ಬೇಡ.

ಸ್ಕ್ರೀನ್ ಬೆಳಗುತ್ತಿದ್ದು ಚಿತ್ರ ಮಾತ್ರ ಬರದಿದ್ದರೆ, ತೊಂದರೆ ಹೆಚ್ಚಾಗಿ ಕ್ಯಾಮೆರಾದಲ್ಲೋ ವೈರಿನಲ್ಲೋ ಇರುತ್ತದೆ. ಏನೂ ಬೆಳಗದಿದ್ದರೆ ಮೊದಲು ಫ್ಯೂಸ್, ಆಮೇಲೆ ಅರ್ತ್ ವೈರ್ ನೋಡಿ. 12 ವೋಲ್ಟ್ ಗಾಡಿಯಾದರೆ ಮಾನಿಟರಿನ ಪ್ಲಗ್ಗಿನಲ್ಲಿ ಮಲ್ಟಿಮೀಟರ್ ಅಷ್ಟಾದರೂ ತೋರಿಸಬೇಕು. ನಮ್ಮಲ್ಲಿ ಹಿಂಬಾಗಿಲನ್ನು ಮತ್ತೆ ಮತ್ತೆ ತೆಗೆದು ಮುಚ್ಚಿ, ಕೀಲಿನ ಹತ್ತಿರ ವೈರ್ ಒಳಗೊಳಗೇ ತುಂಡಾಗಿತ್ತು. ಪ್ಲಗ್ಗಿನಲ್ಲಿ ಹಸಿರು ಕಿಲುಬು ಬೇರೆ. ಅಷ್ಟು ಸರಿಮಾಡಿದ ಮೇಲೆ ಹಳೆಯ ಮಾನಿಟರೇ ಚೆನ್ನಾಗಿ ನಡೆಯುತ್ತಿದೆ.

ಮಾನಿಟರೇ ಹೋಗಿದ್ದರೂ ಸಿಕ್ಕಿದ್ದನ್ನು ಸುಮ್ನೆ ತರಬೇಡಿ. ಕ್ಯಾಮೆರಾ ಎಎಚ್‌ಡಿ (ಹೆಚ್ಚು ಸ್ಪಷ್ಟ ಚಿತ್ರ ಕಳಿಸುವ ಬಗೆ) ಆಗಿದ್ದರೆ ಬರೀ ಹಳೆಯ ಅನಲಾಗ್ ಸಿಗ್ನಲ್ ಹಿಡಿಯುವ ಮಾನಿಟರಿನಲ್ಲಿ ಚಿತ್ರ ಸರಿಯಾಗಿ ಬರುವುದಿಲ್ಲ. 4 ಪಿನ್ ಪ್ಲಗ್ ನೋಡಲು ಒಂದೇ ಥರ ಇದ್ದರೂ ಕಂಪನಿಯಿಂದ ಕಂಪನಿಗೆ ಪಿನ್ ಜೋಡಣೆ ಬೇರೆ ಇರಬಹುದು. ಕರೆಂಟ್ ತಪ್ಪು ಪಿನ್ನಿಗೆ ಹೋದರೆ ಹೊಸದೂ ಸುಟ್ಟುಹೋಗಬಹುದು. ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಪುಣೆಯ ‘ಬುಧವಾರ ಪೇಠೆ’ ಬಡಾವಣೆಗೆ ಹೋಗುವಾಗ ಹಳೆಯ ಮಾನಿಟರನ್ನೇ ಕೈಯಲ್ಲಿ ಹಿಡಿದುಕೊಂಡು ಹೋಗಿ, ಫೋಟೋ ಸಾಲದು. ವೈರ್ ಬಿಚ್ಚುವ ಮೊದಲು ಬ್ಯಾಟರಿಯ ನೆಗೆಟಿವ್ ತೆಗೆದಿಡಿ.