ಜನವರಿಯ ನೀರುಹಕ್ಕಿ ಗಣತಿ: ದೊಡ್ಡ ಹಿಂಡನ್ನು ಎಣಿಸುವ ಬಗೆ
ಜನವರಿಯಲ್ಲಿ ನಡೆಯುವ ಏಷ್ಯಾ ನೀರುಹಕ್ಕಿ ಗಣತಿಗೆ ಮೊದಲ ಬಾರಿ ಬರುವ ಸ್ವಯಂಸೇವಕರಿಗೆ ಹಕ್ಕಿಯನ್ನು ಗುರುತಿಸುವುದಕ್ಕಿಂತ ಹಿಂಡನ್ನು ಎಣಿಸುವುದೇ ಕಷ್ಟವೆಂಬುದು ನನ್ನ ಅನುಭವ. ಗದಗ ಜಿಲ್ಲೆಯ ಮಾಗಡಿ ಕೆರೆಯಲ್ಲಿ ಪಟ್ಟೆತಲೆ ಹೆಬ್ಬಾತುಗಳು ಒತ್ತೊತ್ತಾಗಿ ಕುಳಿತಿರುವಾಗ ಒಂದೊಂದನ್ನೇ ಎಣಿಸಲು ಹೊರಟರೆ ನಡುವೆ ಲೆಕ್ಕ ತಪ್ಪುವುದು ಖಂಡಿತ. ಆದ್ದರಿಂದ ಮೊದಲು ಹಿಂಡಿನ ಒಂದು ಅಂಚಿನಲ್ಲಿ 50 ಹಕ್ಕಿಗಳನ್ನು ನಿಧಾನವಾಗಿ ಎಣಿಸಿ, ಅವು ದುರ್ಬೀನಿನಲ್ಲಿ ಎಷ್ಟು ಜಾಗ ತುಂಬುತ್ತವೆ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು, ಅಷ್ಟೇ ಗಾತ್ರದ ಗುಂಪುಗಳು ಇನ್ನೆಷ್ಟಿವೆ ಎಂದು ಮತ್ತೊಂದು ಅಂಚಿನವರೆಗೆ ಅಳೆಯುತ್ತಾ ಹೋಗಿ. ನಡುವಿನಲ್ಲಿ ಹಕ್ಕಿಗಳು ದಟ್ಟವಾಗಿ, ಅಂಚಿನಲ್ಲಿ ವಿರಳವಾಗಿ ಇರುವುದರಿಂದ ಅಳತೆಯನ್ನು ಅಲ್ಲಲ್ಲಿ ಸರಿಪಡಿಸಿಕೊಳ್ಳಬೇಕು. ಇಬ್ಬರು ಪರಸ್ಪರ ಕೇಳಿಸದಂತೆ ಬೇರೆಬೇರೆಯಾಗಿ ಎಣಿಸಿ, ಅಂತರ ಹೆಚ್ಚಿದ್ದರೆ ಮತ್ತೊಮ್ಮೆ ಎಣಿಸಿರಿ.

ಬೆಳಿಗ್ಗೆ ಸೂರ್ಯ ಬೆನ್ನಿಗಿರುವಂತೆ ಪೂರ್ವದ ದಡದಲ್ಲಿ ನಿಲ್ಲಿ. ಎದುರುಬಿಸಿಲಿನಲ್ಲಿ ಎಲ್ಲ ಬಾತುಗಳೂ ಕಪ್ಪಗೆ ಕಾಣುತ್ತವೆ. ಹೆಬ್ಬಾತುಗಳು ಮೇಯಲು ಹೊಲಗಳಿಗೆ ಹಾರಿಹೋಗುವುದರಿಂದ ಹಾರಿದ ಸಮಯ ಮತ್ತು ದಿಕ್ಕನ್ನು ಬರೆದಿಟ್ಟುಕೊಂಡರೆ ಅದೇ ಹಿಂಡು ಎರಡು ಬಾರಿ ಲೆಕ್ಕಕ್ಕೆ ಸೇರುವುದಿಲ್ಲ. ಗುಳುಮುಳುಕ ಮುಳುಗಿ ಏಳುವ ಹಕ್ಕಿಯಾದ್ದರಿಂದ ಮೂರು ಬಾರಿ ಎಣಿಸಿ, ಬಂದ ದೊಡ್ಡ ಸಂಖ್ಯೆಯನ್ನೇ ದಾಖಲಿಸಿರಿ. ಚಿತ್ರಕ್ಕಾಗಿ ಹತ್ತಿರ ಹೋಗಿ ಹಿಂಡನ್ನು ಎಬ್ಬಿಸುವುದು ಮಾತ್ರ ದಯವಿಟ್ಟು ಬೇಡ.